ಪ್ರವಾದಿ ಹೇಳಿದ್ದು ಯಾರ ಬಗ್ಗೆ?

1263ರ ಜುಲೈ 20ರಂದು ಬಾರ್ಸಿಲೋನಾದ ಅರಮನೆಯಲ್ಲಿ, ಅರಗಾನ್ ದೊರೆ ಒಂದನೇ ಜೇಮ್ಸ್‌ನ ಸಮ್ಮುಖದಲ್ಲಿ ಇಬ್ಬರು ವಿದ್ವಾಂಸರು ವಾದಕ್ಕೆ ನಿಂತರು. ಒಬ್ಬರು ಡೊಮಿನಿಕನ್ ಸಂನ್ಯಾಸಿ ಪಾಬ್ಲೋ ಕ್ರಿಸ್ತಿಯಾನಿ. ಯೆಹೂದಿ ಮನೆಯಲ್ಲಿ ಹುಟ್ಟಿ ಬೆಳೆದು, ಆಮೇಲೆ ಕ್ರೈಸ್ತರಾದವರು. ಇನ್ನೊಬ್ಬರು ಗಿರೋನಾ ಪಟ್ಟಣದ ರಬ್ಬಿ ಮೋಶೆ ಬೆನ್ ನಹ್ಮಾನ್. ಎಪ್ಪತ್ತರ ಹತ್ತಿರ ಬಂದಿದ್ದ ಅವರು ವೈದ್ಯರು, ಧರ್ಮಶಾಸ್ತ್ರಜ್ಞರು, ಸ್ಪೇನಿನ ಯೆಹೂದ್ಯರ ಪೈಕಿ ಅಗ್ರಗಣ್ಯ ಪಂಡಿತರು. ಇಂದಿನ ಓದುಗರಿಗೆ ಅವರು ನಹ್ಮಾನಿಡೀಸ್ ಎಂಬ ಹೆಸರಿನಿಂದ ಪರಿಚಿತರು. ಹೀಬ್ರೂ ಧರ್ಮಗ್ರಂಥಗಳು ಸಾರಿದ ಮೆಸ್ಸೀಯ ಬಂದಾಗಿದೆಯೇ ಅಥವಾ ಇನ್ನೂ ಬರಬೇಕೇ, ಬಂದಿದ್ದರೆ ಅವನು ಯೇಸುವೇ ಎಂಬುದು ಅವರ ಮುಂದಿದ್ದ ಪ್ರಶ್ನೆ.

ಪ್ರಶ್ನೆಗೆ ಆ ಹೊತ್ತಿಗಾಗಲೇ ಸಾವಿರದ ಇನ್ನೂರು ವರ್ಷ ವಯಸ್ಸಾಗಿತ್ತು. ಈಗ ಇನ್ನೂ ಏಳೂವರೆ ಶತಮಾನ ಕಳೆದಿದೆ. ಆದರೂ ಯೆಹೂದ್ಯರೂ ಕ್ರೈಸ್ತರೂ ಎದುರುಬದುರು ಕೂತಾಗಲೆಲ್ಲ ಅದು ಮತ್ತೆ ತಲೆಯೆತ್ತುತ್ತದೆ, ಅದೇ ಅಧ್ಯಾಯಗಳು ಮತ್ತೆ ತೆರೆದುಕೊಳ್ಳುತ್ತವೆ: ಆದಿಕಾಂಡದ 49, ಯೆಶಾಯನ 7 ಮತ್ತು 53, ದಾನಿಯೇಲನ 9. ಇಷ್ಟು ಬುದ್ಧಿವಂತರು ಇಷ್ಟು ಕಾಲ ಒಂದೇ ಪಠ್ಯವನ್ನು ಓದಿಯೂ ಏಕೆ ಒಂದು ತೀರ್ಮಾನಕ್ಕೆ ಬರಲಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲು ಪದದ ಹಿನ್ನೆಲೆ. ಮೆಸ್ಸೀಯ ಎಂದರೆ ಎಣ್ಣೆಯ ಅಭಿಷೇಕ ಹೊಂದಿದವನು. ಪ್ರಾಚೀನ ಇಸ್ರಾಯೇಲಿನಲ್ಲಿ ರಾಜರಿಗೂ ಯಾಜಕರಿಗೂ ಈ ಅಭಿಷೇಕ ನಡೆಯುತ್ತಿತ್ತು. ಪರ್ಷಿಯಾದ ಕೋರೆಷ ಯೆಹೂದ್ಯನೇ ಅಲ್ಲ, ಆದರೂ ಬಾಬೆಲಿನ ಸೆರೆಯಿಂದ ಜನರನ್ನು ಬಿಡಿಸಿದ ಕಾರಣ ಯೆಶಾಯನ ಗ್ರಂಥ ಅವನನ್ನೂ ದೇವರ ಅಭಿಷಿಕ್ತನೆಂದೇ ಕರೆಯುತ್ತದೆ. ಕ್ರಿ.ಪೂ. 586ರಲ್ಲಿ ಜೆರುಸಲೇಮ್ ಬಿದ್ದು ದಾವೀದನ ವಂಶದ ಆಳ್ವಿಕೆ ಮುಗಿಯಿತು. ಆ ಮೇಲೆ ಒಂದಾದ ಮೇಲೊಂದು ಪರಕೀಯ ಸಾಮ್ರಾಜ್ಯ ಬಂದಂತೆ, ದಾವೀದನ ಕುಲದಿಂದ ಮತ್ತೊಬ್ಬ ಅಭಿಷಿಕ್ತ ಬಂದು ನ್ಯಾಯ ನೆಲೆಗೊಳಿಸುತ್ತಾನೆಂಬ ನಿರೀಕ್ಷೆ ಗಟ್ಟಿಯಾಗುತ್ತ ಹೋಯಿತು. 12ನೇ ಶತಮಾನದ ಮೈಮೊನಿಡೀಸ್ ಇದನ್ನು ಶಾಸ್ತ್ರದ ಭಾಷೆಯಲ್ಲಿ ಬರೆದಿಟ್ಟರು. ಬರುವವನು ದಾವೀದನ ವಂಶದ ರಾಜನಾಗಿರಬೇಕು, ಜನರನ್ನು ಧರ್ಮಶಾಸ್ತ್ರಕ್ಕೆ ಮರಳಿಸಬೇಕು, ಜೆರುಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಬೇಕು, ಚದುರಿದ ಇಸ್ರಾಯೇಲನ್ನು ಒಟ್ಟುಗೂಡಿಸಬೇಕು. ಇಷ್ಟನ್ನು ಸಾಧಿಸದೆ ಕೊಲ್ಲಲ್ಪಟ್ಟರೆ ಅವನು ಮೆಸ್ಸೀಯನಲ್ಲ. ಈ ಅಳತೆಗೋಲು ಹಿಡಿದರೆ ಯೇಸುವಿನ ವಿಷಯದಲ್ಲಿ ಮಾತು ಅಲ್ಲಿಗೇ ಮುಗಿಯುತ್ತದೆ. ರೋಮನ್ನರ ಶಿಲುಬೆಯ ಮೇಲೆ ಸತ್ತವನು, ಅವನ ತರುವಾಯ ಕ್ರಿ.ಶ. 70ರಲ್ಲಿ ದೇವಾಲಯವೂ ನೆಲಸಮವಾಯಿತು.

ಕ್ರೈಸ್ತರು ಈ ಅಳತೆಗೋಲನ್ನೇ ಪ್ರಶ್ನಿಸುತ್ತಾರೆ. ಮೆಸ್ಸೀಯ ಗೆಲ್ಲುವ ಮೊದಲು ನರಳಬೇಕಿತ್ತು, ಅದು ಶಾಸ್ತ್ರದಲ್ಲೇ ಇದೆ ಎನ್ನುತ್ತಾರೆ. ಎಲ್ಲಿದೆ ಎಂದರೆ ಅವರ ಬೆರಳು ನೇರವಾಗಿ ಯೆಶಾಯನ 53ನೇ ಅಧ್ಯಾಯದ ಮೇಲೆ ಬರುತ್ತದೆ. ಚರ್ಚೆಯ ಹೃದಯ ಇರುವುದು ಅಲ್ಲಿ.

ಆ ಅಧ್ಯಾಯ ಯೆಹೋವನ ಸೇವಕನೊಬ್ಬನನ್ನು ಚಿತ್ರಿಸುತ್ತದೆ. ಅಂದಚೆಂದವಿಲ್ಲದವನು, ಜನ ನೋಡಿ ಮುಖ ತಿರುಗಿಸಿಕೊಳ್ಳುವಂಥವನು. ಬೇರೆಯವರ ಅಪರಾಧದ ಹೊರೆ ಹೊತ್ತು ಪೆಟ್ಟು ತಿನ್ನುತ್ತಾನೆ, ಬಾಯಿ ತೆರೆಯದೆ ಸಹಿಸುತ್ತಾನೆ, ಜೀವಂತರ ಲೋಕದಿಂದ ಕೀಳಲ್ಪಡುತ್ತಾನೆ, ಕೊನೆಗೆ ದೇವರಿಂದ ಗೌರವ ಪಡೆಯುತ್ತಾನೆ. ಸುವಾರ್ತೆಗಳನ್ನು ಓದಿ ಬಂದವನಿಗೆ ಇದು ಯೇಸುವಿನ ಕಡೆಯ ದಿನಗಳ ವರದಿಯಂತೆಯೇ ಕೇಳಿಸುತ್ತದೆ. ಆ ಅನುಭವವನ್ನು ಹಗುರವಾಗಿ ತಳ್ಳಿಹಾಕಲಾಗದು.

ಈ ಅಧ್ಯಾಯದ ಬಗ್ಗೆ ಅತ್ಯಂತ ಪ್ರಾಮಾಣಿಕ ಪ್ರಶ್ನೆಯನ್ನು ಕೇಳಿದವನು ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ಬರುವ ಒಬ್ಬ ಪರದೇಶಿ. ಐಥಿಯೋಪ್ಯದ ರಾಣಿಯ ಖಜಾನೆ ನೋಡಿಕೊಳ್ಳುತ್ತಿದ್ದ ಕಂಚುಕಿ. ಜೆರುಸಲೇಮಿನಿಂದ ಗಾಜಾ ಕಡೆಗೆ ಹೋಗುವ ದಾರಿಯಲ್ಲಿ ರಥದಲ್ಲಿ ಕೂತು ಇದೇ ಭಾಗವನ್ನು ಓದುತ್ತಿರುತ್ತಾನೆ. ಎದುರಾದ ಯೇಸುವಿನ ಅನುಯಾಯಿ ಫಿಲಿಪ್ಪನನ್ನು ಹತ್ತಿಸಿಕೊಂಡು, ಪ್ರವಾದಿ ಇಲ್ಲಿ ತನ್ನ ಬಗ್ಗೆಯೇ ಹೇಳುತ್ತಿದ್ದಾನೋ ಇನ್ನೊಬ್ಬನ ಬಗ್ಗೆಯೋ ಎಂದು ಕೇಳುತ್ತಾನೆ. ಫಿಲಿಪ್ಪ ಅಲ್ಲಿಂದಲೇ ಶುರುಮಾಡಿ ಯೇಸುವಿನ ಕತೆ ಹೇಳುತ್ತಾನೆ. ಕ್ರೈಸ್ತ ಉತ್ತರ ಅಷ್ಟು ಹಳೆಯದು. ಆದರೆ ಪಠ್ಯವನ್ನು ಮಾತ್ರ ಮುಂದಿಟ್ಟುಕೊಂಡ ಓದುಗನಿಗೆ ಉತ್ತರ ತಾನಾಗಿ ಹೊಳೆಯಲಿಲ್ಲ, ಕೇಳಬೇಕಾಯಿತು ಎಂಬುದನ್ನೂ ಅದೇ ಕತೆ ಮುಚ್ಚಿಡದೆ ಹೇಳುತ್ತದೆ.

ಯೆಹೂದಿ ಉತ್ತರ ಸುತ್ತಮುತ್ತಲ ಅಧ್ಯಾಯಗಳಿಂದ ಹೊರಡುತ್ತದೆ. ಯೆಶಾಯನ 41, 44, 49ನೇ ಅಧ್ಯಾಯಗಳಲ್ಲಿ ದೇವರು ಸೇವಕ ಎಂದು ಕರೆಯುವುದು ಇಸ್ರಾಯೇಲ್ ಜನಾಂಗವನ್ನು, ಹೆಸರೆತ್ತಿಯೇ ಕರೆಯುತ್ತಾನೆ. 53ಕ್ಕೆ ಹಿಂದಿನ ಅಧ್ಯಾಯದ ಕೊನೆಯಲ್ಲಿ ಅನ್ಯ ಜನಾಂಗಗಳ ಅರಸರು ಕಂಡದ್ದನ್ನು ನಂಬಲಾಗದೆ ಬಾಯಿ ಮುಚ್ಚಿ ನಿಲ್ಲುತ್ತಾರೆ. ಹಾಗಾದರೆ 53ರಲ್ಲಿ ತಮ್ಮ ತಪ್ಪಿಗೆ ಇವನು ನರಳಿದನೆಂದು ಒಪ್ಪಿಕೊಳ್ಳುವವರು ಆ ಅರಸರೇ. ತಾವು ಹೀಗಳೆದ ಯೆಹೂದ್ಯರೇ ತಮ್ಮ ಪಾಪದ ಭಾರ ಹೊತ್ತರೆಂದು ಲೋಕವೇ ಒಂದು ದಿನ ತಲೆತಗ್ಗಿಸುತ್ತದೆ ಎಂಬುದು ಈ ಓದು. ಫ್ರಾನ್ಸಿನ ಮಹಾ ವ್ಯಾಖ್ಯಾನಕಾರ ರಾಶಿ 11ನೇ ಶತಮಾನದಲ್ಲಿ ಹೀಗೆಯೇ ಅರ್ಥ ಹೇಳಿದರು. 1096ರಲ್ಲಿ ಮೊದಲ ಧರ್ಮಯುದ್ಧಕ್ಕೆ ಹೊರಟ ಪಡೆಗಳು ರೈನ್ ನದಿಯ ದಡದ ಯೆಹೂದಿ ಕೇರಿಗಳನ್ನು ಕೊಚ್ಚಿಹಾಕಿದ್ದು ಅವರ ಕಾಲದಲ್ಲೇ. ಅಂಥ ಕಾಲದಲ್ಲಿ ಬದುಕಿದ ಯೆಹೂದಿಯೊಬ್ಬ ಈ ಅಧ್ಯಾಯದಲ್ಲಿ ತನ್ನ ಜನರ ಮುಖವನ್ನು ಕಂಡಿದ್ದರೆ ಅಚ್ಚರಿಯೇನು?

ಇಲ್ಲೊಂದು ತಪ್ಪು ಮಾತನ್ನು ತಿದ್ದಬೇಕು. ಸೇವಕನೆಂದರೆ ಇಸ್ರಾಯೇಲ್ ಎಂಬ ಅರ್ಥವನ್ನು ಕ್ರೈಸ್ತರಿಂದ ತಪ್ಪಿಸಿಕೊಳ್ಳಲು ರಾಶಿ ಹೊಸದಾಗಿ ಹುಟ್ಟಿಸಿದರು ಎಂದು ಪ್ರಚಾರ ಪುಸ್ತಕಗಳು ಪದೇಪದೇ ಹೇಳುತ್ತವೆ. ಅದು ನಿಜವಲ್ಲ, ಅದಕ್ಕೆ ಸಾಕ್ಷಿ ಒಬ್ಬ ಕ್ರೈಸ್ತ ವಿದ್ವಾಂಸರದ್ದೇ. 3ನೇ ಶತಮಾನದ ಓರಿಗೆನ್, ತಾವು ಯೆಹೂದಿ ಪಂಡಿತರೊಡನೆ ವಾದಕ್ಕೆ ಕೂತಾಗ ಅವರು ಈ ಭಾಗವನ್ನು ಚದುರಿಹೋದ ಇಡೀ ಜನಾಂಗದ ಬಗ್ಗೆ ಅನ್ವಯಿಸಿದರೆಂದು ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ರಾಶಿ ಹುಟ್ಟುವುದಕ್ಕೆ ಎಂಟು ಶತಮಾನ ಮೊದಲಿನ ಮಾತು ಇದು.

ಹಾಗೆಂದು ಯೆಹೂದಿ ಓದಿನಲ್ಲಿ ತೊಡಕೇ ಇಲ್ಲವೆನ್ನುವಂತಿಲ್ಲ. 49ನೇ ಅಧ್ಯಾಯದಲ್ಲಿ ಸೇವಕನೆಂದರೆ ಇಸ್ರಾಯೇಲ್ ಎಂದು ಹೇಳಿದ ಎರಡು ವಾಕ್ಯಗಳಾಚೆ, ಅದೇ ಸೇವಕ ಇಸ್ರಾಯೇಲನ್ನು ದೇವರ ಬಳಿಗೆ ಮರಳಿ ತರಬೇಕು ಎಂದಿದೆ. ತನ್ನನ್ನು ತಾನೇ ಹೇಗೆ ತಂದಾನು? 53ರ ಸೇವಕ ತನ್ನ ಜನರ ದ್ರೋಹಕ್ಕಾಗಿ ಪೆಟ್ಟು ತಿಂದವನು, ಮೋಸವರಿಯದವನು. ಆದರೆ ಇದೇ ಗ್ರಂಥದ 42ನೇ ಅಧ್ಯಾಯ ಸೇವಕ ಇಸ್ರಾಯೇಲನ್ನು ಕುರುಡ, ಕಿವುಡ ಎಂದು ಜರೆಯುತ್ತದೆ. ಇಲ್ಲಿ ಒಬ್ಬ ವ್ಯಕ್ತಿಯನ್ನು ಕಾಣುವವರ ವಾದಕ್ಕೆ ಬಲ ಇರುವುದು ಈ ಜಾಗದಲ್ಲಿ. ಯೆಹೂದಿ ಸಂಪ್ರದಾಯವೂ ಇದನ್ನು ಬಲ್ಲದು. ಅರಾಮಿಕ್ ಭಾಷೆಯ ಪ್ರಾಚೀನ ತರ್ಜುಮೆ ತಾರ್ಗುಮ್ ಈ ಸೇವಕನನ್ನು ಮೆಸ್ಸೀಯನೆಂದೇ ಕರೆದು, ಅವನ ನೋವುಗಳನ್ನು ಮಾತ್ರ ಬೇರೆಯವರ ತಲೆಗೆ ಕಟ್ಟುತ್ತದೆ. ರಬ್ಬಿಗಳ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ಒಂದು ಕಡೆ ಈ ವಾಕ್ಯಗಳನ್ನು ಮೋಶೆಗೆ ಅನ್ವಯಿಸಿದ್ದುಂಟು, 10ನೇ ಶತಮಾನದ ಸಾದಿಯಾ ಗಾವೋನ್ ಯೆರೆಮೀಯನಿಗೆ ಅನ್ವಯಿಸಿದರು. 1892ರಲ್ಲಿ ಜರ್ಮನ್ ವಿದ್ವಾಂಸ ಬರ್ನ್‌ಹಾರ್ಡ್ ಡೂಮ್ ಈ ಗ್ರಂಥದಿಂದ ನಾಲ್ಕು ಸೇವಕಗೀತೆಗಳನ್ನು ಬೇರ್ಪಡಿಸಿ ತೋರಿಸಿದ ಮೇಲೆ ವಿಶ್ವವಿದ್ಯಾಲಯಗಳ ಬೈಬಲ್ ಅಧ್ಯಯನದಲ್ಲಿ ಇನ್ನಷ್ಟು ಹೆಸರುಗಳು ಸೇರಿಕೊಂಡವು. ಪಠ್ಯ ಸೇವಕನ ಹೆಸರನ್ನು ಹೇಳದೆ ಬಿಟ್ಟಿದೆ. ಹೇಳದೆ ಬಿಟ್ಟದ್ದನ್ನು ಹೇಳಿದೆ ಎಂದು ಸಾಧಿಸುವುದು ಯಾರಿಂದಲೂ ಆಗದು.

ಪಠ್ಯವನ್ನೇ ಯಾರೋ ತಿದ್ದಿರಬಹುದೆಂಬ ಅನುಮಾನಕ್ಕೆ ಈಗ ಜಾಗವಿಲ್ಲ. 1947ರಲ್ಲಿ ಮೃತ ಸಮುದ್ರದ ಬಳಿ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ ಏಳು ಮೀಟರಿಗೂ ಉದ್ದ, ಯೇಸು ಹುಟ್ಟುವುದಕ್ಕೆ ಸುಮಾರು ಒಂದು ಶತಮಾನ ಮೊದಲು ಬರೆದದ್ದು. 53ನೇ ಅಧ್ಯಾಯ ಅದರಲ್ಲಿ ಇದೆ, ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ನಮಗೆ ಗೊತ್ತಿರುವ ರೂಪದಲ್ಲೇ ಇದೆ.

ಅದೇ ಗುಹೆಗಳಲ್ಲಿ ಸಿಕ್ಕ ಇನ್ನೊಂದು ಸುರುಳಿ ಈ ಚರ್ಚೆಗೆ ಇದಕ್ಕಿಂತ ಹೆಚ್ಚು ಬೆಳಕು ಕೊಡುತ್ತದೆ ಎಂಬುದು ನನ್ನ ಎಣಿಕೆ. ಅದು ಹಬಕ್ಕೂಕ ಪ್ರವಾದಿಯ ಮೇಲಿನ ವ್ಯಾಖ್ಯಾನ. ಹಬಕ್ಕೂಕ ಬರೆದದ್ದು ಬಾಬೆಲಿನವರ ದಂಡಯಾತ್ರೆಯ ಹೊತ್ತಿಗೆ. ಕುಮ್ರಾನಿನ ಪಂಥದವರು ಅದರ ಒಂದೊಂದು ವಾಕ್ಯವನ್ನೂ ತಮ್ಮ ಗುರು, ತಮ್ಮ ವೈರಿ, ತಮ್ಮ ದಿನಗಳ ಬಗ್ಗೆ ಎಂದು ಓದುತ್ತಾರೆ. ತಾವು ಕಡೆಗಾಲದಲ್ಲಿದ್ದೇವೆ, ಪ್ರವಾದಿಗೇ ಪೂರ್ತಿ ತಿಳಿಯದ ಗುಟ್ಟು ತಮ್ಮ ಗುರುವಿಗೆ ತಿಳಿದಿದೆ ಎಂಬುದು ಅವರ ದೃಢ ನಂಬಿಕೆ. ಇವರು ಕ್ರೈಸ್ತರಲ್ಲ, ಕಟ್ಟಾ ಯೆಹೂದ್ಯರು.

ಈಗ ಮತ್ತಾಯನ ಸುವಾರ್ತೆಗೆ ಬನ್ನಿ. ಶಿಶು ಯೇಸುವನ್ನು ಹೆತ್ತವರು ಐಗುಪ್ತಕ್ಕೆ ಒಯ್ದು ಮರಳಿ ತರುತ್ತಾರೆ. ದೇವರು ತನ್ನ ಮಗನನ್ನು ಐಗುಪ್ತದಿಂದ ಕರೆದನೆಂಬ ಪ್ರವಾದಿಯ ಮಾತು ಇದರಿಂದ ನೆರವೇರಿತು ಎಂದು ಮತ್ತಾಯ ಬರೆಯುತ್ತಾನೆ. ಹೋಶೇಯನ 11ನೇ ಅಧ್ಯಾಯ ತೆರೆದರೆ ಅಲ್ಲಿರುವುದು ಮುಂದಾಗುವ ಸಂಗತಿಯಲ್ಲ, ಆಗಿಹೋದ ಸಂಗತಿ. ಮೋಶೆಯ ಕಾಲದಲ್ಲಿ ಇಸ್ರಾಯೇಲರು ಐಗುಪ್ತ ಬಿಟ್ಟು ಬಂದದ್ದು. ಮುಂದಿನ ವಾಕ್ಯದಲ್ಲೇ ಆ ಮಗ ವಿಗ್ರಹಗಳ ಬೆನ್ನು ಹತ್ತಿ ಹೋದನೆಂದು ದೇವರು ನೊಂದುಕೊಳ್ಳುತ್ತಾನೆ. ಮತ್ತಾಯ ಇದನ್ನು ಓದಿರಲಿಲ್ಲವೇ? ಖಂಡಿತ ಓದಿದ್ದ. ಇಸ್ರಾಯೇಲಿನ ಚರಿತ್ರೆಯೆಲ್ಲ ಯೇಸುವಿನ ಬದುಕಿನಲ್ಲಿ ಮತ್ತೊಮ್ಮೆ ನಡೆಯುತ್ತದೆ ಎಂಬುದು ಅವನು ಹೇಳಹೊರಟ ಮಾತು. ಐಗುಪ್ತ, ನೀರು ದಾಟುವುದು, ಅರಣ್ಯದಲ್ಲಿ ಶೋಧನೆ, ಬೆಟ್ಟದ ಮೇಲೆ ಉಪದೇಶ, ಎಲ್ಲವೂ ಆ ಸಾಲಿನಲ್ಲೇ ಬರುತ್ತವೆ. ಇದು ಕುಮ್ರಾನಿನವರ ಓದಿಗೆ ಬಲು ಹತ್ತಿರದ, ಆ ಕಾಲದ ಯೆಹೂದಿ ಓದು. ಆದ್ದರಿಂದ ಸುವಾರ್ತೆ ಬರೆದವರನ್ನು ಪಠ್ಯ ತಿರುಚಿದವರೆಂದು ಹಳಿಯುವುದು ಅನ್ಯಾಯ. ಹೋಶೇಯ ಏಳು ಶತಮಾನ ಮೊದಲೇ ಯೇಸುವಿನ ಪ್ರಯಾಣವನ್ನು ಮುಂಗಂಡನೆಂದು ಪುರಾವೆಯಾಗಿ ಎದುರಿಗೆ ಹಿಡಿಯುವುದೂ ಅಷ್ಟೇ ತಪ್ಪು. ಯೆಶಾಯನ 7ನೇ ಅಧ್ಯಾಯಕ್ಕೂ ಇದೇ ಅನ್ವಯಿಸುತ್ತದೆ. ಕ್ರೈಸ್ತರು ಯೇಸುವೆಂದು ಓದುವ ಅಲ್ಲಿನ ಮಗು ಹುಟ್ಟುವುದು ಶತ್ರುಗಳು ಮುತ್ತಿದ್ದರಿಂದ ಕಂಗಾಲಾದ ಆಹಾಜ ಅರಸನಿಗೆ ಗುರುತಾಗಿ. ಮಗುವಿಗೆ ತಿಳಿವಳಿಕೆ ಬರುವಷ್ಟರಲ್ಲಿ ಆ ಶತ್ರುಗಳ ನಾಡು ಪಾಳುಬೀಳುತ್ತದೆ ಎಂಬುದು ಮಾತು. ತಾಯಿಯ ಬಗ್ಗೆ ಬಳಸಿದ ಪದದ ಕುರಿತು ಗ್ರಂಥಾಲಯಗಳೇ ತುಂಬಿವೆ, ನಾನು ಅದಕ್ಕೆ ಕೈಹಾಕುವುದಿಲ್ಲ. ಆಹಾಜನ ಭಯವನ್ನು ಮರೆತು ಓದಿದರೆ ಅಧ್ಯಾಯವೇ ಕೈತಪ್ಪುತ್ತದೆ ಎಂಬುದಷ್ಟೇ ನನಗೆ ಮುಖ್ಯ.

ಲೂಕನ ಸುವಾರ್ತೆಯ ಕೊನೆಯಲ್ಲಿ ಒಂದು ಪ್ರಸಂಗವಿದೆ. ಯೇಸು ಶಿಲುಬೆಯಲ್ಲಿ ಸತ್ತು ಮೂರನೆಯ ದಿನ. ಇಬ್ಬರು ಶಿಷ್ಯರು ಸೋತ ಮುಖ ಹೊತ್ತು ಎಮ್ಮಾಹು ಊರಿನ ದಾರಿ ಹಿಡಿದಿದ್ದಾರೆ. ಇಸ್ರಾಯೇಲನ್ನು ಬಿಡಿಸುವವನು ಇವನೇ ಎಂದು ನಂಬಿದ್ದೆವು ಎಂದು ಹಲುಬುತ್ತಾರೆ. ಜೊತೆಗೆ ನಡೆದುಬಂದ ಅಪರಿಚಿತ, ಅಂದರೆ ಎದ್ದುಬಂದ ಯೇಸು, ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳವರೆಗೆ ಬಿಡಿಸಿ ಹೇಳುತ್ತಾನೆ. ಅವನ ಜೊತೆಗಿದ್ದವರಿಗೆ, ಹುಟ್ಟಿನಿಂದ ಈ ಗ್ರಂಥಗಳನ್ನು ಕೇಳಿ ಬೆಳೆದವರಿಗೆ, ಆವರೆಗೆ ಅದು ಕಂಡಿರಲಿಲ್ಲ. ಪ್ರವಾದನೆಗಳನ್ನು ಪಟ್ಟಿಮಾಡಿ, ತಾಳೆ ನೋಡಿ ಯಾರೂ ಯೇಸುವನ್ನು ಮೆಸ್ಸೀಯನೆಂದು ಕಂಡುಹಿಡಿಯಲಿಲ್ಲ. ಪುನರುತ್ಥಾನದ ನಂಬಿಕೆ ಮೊದಲು ಬಂತು, ಆ ಬೆಳಕಿನಲ್ಲಿ ಹಳೆಯ ಪುಟಗಳು ಹೊಸದಾಗಿ ಕಂಡವು. ಈ ಅನುಕ್ರಮವನ್ನು ಹೊಸ ಒಡಂಬಡಿಕೆಯೇ ಒಪ್ಪಿಕೊಂಡಿದೆ. ಅದನ್ನು ತಲೆಕೆಳಗು ಮಾಡಿದ್ದು ಆಮೇಲೆ ಬಂದ ವಾದಪಟುಗಳು.

ತಲೆಕೆಳಗಾದ ಓದಿನ ತುತ್ತತುದಿಯನ್ನು 20ನೇ ಶತಮಾನದ ಅಮೆರಿಕದಲ್ಲಿ ನೋಡಬಹುದು. ಪೀಟರ್ ಸ್ಟೋನರ್ ಎಂಬ ಗಣಿತದ ಅಧ್ಯಾಪಕರು ಎಂಟು ಪ್ರವಾದನೆಗಳನ್ನು ಆರಿಸಿ, ಅವೆಲ್ಲ ಒಬ್ಬನಲ್ಲೇ ಆಕಸ್ಮಿಕವಾಗಿ ನೆರವೇರುವ ಸಂಭವ ಒಂದರ ಮುಂದೆ ಹದಿನೇಳು ಸೊನ್ನೆಯಷ್ಟು ದೊಡ್ಡ ಸಂಖ್ಯೆಗೆ ಒಂದು ಎಂದು ಲೆಕ್ಕ ಕಟ್ಟಿದರು. ಇಂದಿಗೂ ಆ ಸಂಖ್ಯೆ ಪ್ರಸಂಗಪೀಠಗಳಿಂದ ಕೇಳಿಬರುತ್ತದೆ. ಆ ವಾಕ್ಯ ಮೆಸ್ಸೀಯನ ಬಗ್ಗೆಯೇ ಹೇಳಿದ್ದೇ, ಅದು ಮುನ್ಸೂಚನೆಯೇ, ಸುವಾರ್ತೆ ಬರೆದವನು ಅದನ್ನು ಎದುರಿಗಿಟ್ಟುಕೊಂಡು ಬರೆಯಲಿಲ್ಲವೇ? ಎರಡು ಸಾವಿರ ವರ್ಷದಿಂದ ಜಗಳ ನಡೆದಿರುವುದೇ ಈ ಪ್ರಶ್ನೆಗಳ ಮೇಲೆ. ಸಾಬೀತಾಗಬೇಕಾದ್ದನ್ನೆಲ್ಲ ಮೊದಲೇ ಹೌದೆಂದು ಒಪ್ಪಿಕೊಂಡು ಶುರುವಾದ ಲೆಕ್ಕ ಯಾವ ಉತ್ತರವನ್ನಾದರೂ ಕೊಡುತ್ತದೆ. ನಂಬುವವನಿಗೆ ಇಂಥ ಅಂಕಿ ಬೇಕಿಲ್ಲ, ನಂಬದವನನ್ನು ಅದು ಮುಟ್ಟುವುದಿಲ್ಲ.

ನಂಬಿಕೆಯ ಬೆಳಕಿನಲ್ಲಿ ಪಠ್ಯವನ್ನು ಹಿಂದಿರುಗಿ ಓದುವುದು ಕ್ರೈಸ್ತರೊಬ್ಬರ ಚಾಳಿಯೂ ಅಲ್ಲ. ಕ್ರಿ.ಶ. 132ರಲ್ಲಿ ರೋಮ್ ವಿರುದ್ಧ ದಂಗೆಯೆದ್ದ ಬಾರ್ ಕೊಖ್ಬಾನನ್ನು ಮಹಾಗುರು ಅಕೀವಾ ಮೆಸ್ಸೀಯನೆಂದು ಸಾರಿದರೆಂದು ಯೆಹೂದಿ ಪರಂಪರೆಯೇ ನೆನೆಯುತ್ತದೆ. ಯಾಕೋಬನಿಂದ ನಕ್ಷತ್ರವೊಂದು ಮೂಡುವ ಅರಣ್ಯಕಾಂಡದ ಮಾತೇ ಅವರಿಗೆ ಆಧಾರ. ಅಕೀವಾ, ನಿನ್ನ ದವಡೆಯ ಮೇಲೆ ಹುಲ್ಲು ಬೆಳೆದರೂ ಅವನು ಬಂದಿರುವುದಿಲ್ಲ ಎಂದು ಜೊತೆಗಾರ ಪಂಡಿತರೊಬ್ಬರು ಮುಖಕ್ಕೆ ಹೊಡೆದಂತೆ ಹೇಳಿದರಂತೆ. ದಂಗೆ 135ರಲ್ಲಿ ರಕ್ತದ ಮಡುವಿನಲ್ಲಿ ಮುಗಿಯಿತು. 1665ರಲ್ಲಿ ಶಬ್ಬತೈ ತ್ಸ್ವಿ ಎಂಬ ಯೆಹೂದಿಯನ್ನು ಯುರೋಪಿನಿಂದ ಯೆಮೆನ್‌ವರೆಗೆ ಯೆಹೂದಿ ಸಮುದಾಯಗಳು ಮೆಸ್ಸೀಯನೆಂದು ಬರಮಾಡಿಕೊಂಡವು. ಮರುವರ್ಷ ಅವನು ತುರ್ಕಿ ಸುಲ್ತಾನನೆದುರು ಇಸ್ಲಾಂ ಸ್ವೀಕರಿಸಿಬಿಟ್ಟ. ಅವನ ಪ್ರವಾದಿ, ಗಾಜಾದ ನಾಥಾನ್, ಮತಾಂತರದ ಆ ಕಳಂಕಕ್ಕೂ ಆಧಾರ ಹುಡುಕಿದ್ದು ಯೆಶಾಯನ 53ರಲ್ಲೇ. ಆಸೆಗೂ ಆಘಾತಕ್ಕೂ ನಡುವೆ ಸಿಕ್ಕಿಕೊಂಡ ಜನ ಅದೇ ಪುಟಗಳಿಗೆ ಮರಳುತ್ತಾರೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬಾರ್ಸಿಲೋನಾದ ಅರಮನೆಗೆ ಹೋಗೋಣ. ಪಾಬ್ಲೋ ಹಿಡಿದ ದಾರಿ ಹೊಸದು. ಬೈಬಲಿನ ವಾಕ್ಯಗಳಲ್ಲಿ ಜಗ್ಗಾಡುವ ಬದಲು, ಯೆಹೂದ್ಯರ ತಾಲ್ಮುದ್ ಮತ್ತು ಮಿದ್ರಾಷ್ ಎಂಬ ವ್ಯಾಖ್ಯಾನ ಸಂಗ್ರಹಗಳ ಕತೆಗಳೇ ಮೆಸ್ಸೀಯ ಬಂದಾಗಿದೆ ಎನ್ನುತ್ತವೆ ಎಂದು ತೋರಿಸುವುದು. ದೇವಾಲಯ ನಾಶವಾದ ದಿನವೇ ಮೆಸ್ಸೀಯ ಹುಟ್ಟಿದನೆಂಬ ಕತೆಯನ್ನು ಅವರು ಮುಂದಿಟ್ಟರು. ನಹ್ಮಾನಿಡೀಸ್ ಎರಡು ಉತ್ತರ ಕೊಟ್ಟರು. ಇದು ಉಪದೇಶದ ಕತೆ, ಇದನ್ನು ನಂಬಲೇಬೇಕೆಂಬ ಕಟ್ಟು ಯೆಹೂದಿಗಿಲ್ಲ. ನಂಬಿದರೂ ನಿಮ್ಮ ಯೇಸು ಹುಟ್ಟಿದ್ದು ದೇವಾಲಯ ಬೀಳುವುದಕ್ಕೆ ಎಪ್ಪತ್ತು ವರ್ಷ ಮೊದಲು, ಹಾಗಾಗಿ ಕತೆ ಅವನದ್ದಲ್ಲ. ಬರಬೇಕಾದವನು ಬರುವವರೆಗೆ ಯೆಹೂದನ ಕೈಯಿಂದ ರಾಜದಂಡ ತಪ್ಪುವುದಿಲ್ಲವೆಂಬ ಆದಿಕಾಂಡದ ಮಾತು ಎತ್ತಿದಾಗ, ಬಾಬೆಲಿನ ಸೆರೆಯ ಎಪ್ಪತ್ತು ವರ್ಷವೂ ಆ ದಂಡ ಇರಲಿಲ್ಲ ಎಂದರು. ಯೆಶಾಯನ 53 ಬಂದಾಗ, ನೇರ ಅರ್ಥದಲ್ಲಿ ಅದು ಇಸ್ರಾಯೇಲಿನ ಬಗ್ಗೆ, ಕೆಲವು ಪೂರ್ವಿಕರು ಮೆಸ್ಸೀಯನಿಗೆ ಹೇಳಿದ್ದು ನಿಜ, ಆದರೆ ಅವನು ಕೊಲ್ಲಲ್ಪಡುತ್ತಾನೆಂದು ಅವರು ಹೇಳಲಿಲ್ಲ ಎಂದು ಒಪ್ಪಬೇಕಾದ್ದನ್ನು ಒಪ್ಪಿಯೇ ಉತ್ತರಿಸಿದರು.

ಅವರ ಅತ್ಯಂತ ಗಟ್ಟಿ ಮಾತು ಯಾವ ಕತೆಗೂ ಸಂಬಂಧಿಸಿದ್ದಲ್ಲ. ಮೆಸ್ಸೀಯನ ಕಾಲದಲ್ಲಿ ಜನಾಂಗ ಜನಾಂಗದ ಮೇಲೆ ಕತ್ತಿ ಎತ್ತುವುದಿಲ್ಲ ಎಂದು ಪ್ರವಾದಿಗಳು ಹೇಳಿದ್ದಾರೆ. ಯೇಸುವಿನ ದಿನಗಳಿಂದ ಇಂದಿನವರೆಗೆ ಲೋಕ ಹಿಂಸೆಯಿಂದ ತುಂಬಿದೆ, ರಕ್ತ ಹರಿಸುವುದರಲ್ಲಿ ಕ್ರೈಸ್ತರು ಯಾರಿಗೂ ಕಡಿಮೆಯಿಲ್ಲ. ಯುದ್ಧವಿದ್ಯೆಯನ್ನೇ ಕೈಬಿಡಬೇಕಾಗಿ ಬಂದರೆ ದೊರೆಯೇ, ನಿಮಗೂ ನಿಮ್ಮ ಸರದಾರರಿಗೂ ಎಷ್ಟು ಕಷ್ಟವಾದೀತು! ಮಯೋರ್ಕಾ ಮತ್ತು ವೆಲೆನ್ಸಿಯಾಗಳನ್ನು ಕತ್ತಿಯಿಂದ ಗೆದ್ದ ದೊರೆಯ ಎದುರಿಗೆ ಈ ಮಾತು. ಪದಗಳ ಜಗಳಕ್ಕಿಂತ ಈ ಆಕ್ಷೇಪಣೆ ಎಷ್ಟೋ ದೊಡ್ಡದು. ದೇವರ ರಾಜ್ಯ ಮನುಷ್ಯರ ಒಳಗೆ ಮೊಳಕೆಯೊಡೆದಿದೆ, ಯೇಸುವಿನ ಎರಡನೇ ಆಗಮನದಲ್ಲಿ ಪೂರ್ತಿಯಾಗುತ್ತದೆ ಎನ್ನುವುದು ಕ್ರೈಸ್ತ ಉತ್ತರ. ಅದು ಗಂಭೀರವಾದ ಉತ್ತರವೇ. ಆದರೆ ಆ ಉತ್ತರ ನಿಂತಿರುವುದು ಭರವಸೆಯ ಮೇಲೆ, ಪ್ರವಾದನೆ ನೆರವೇರಿತೆಂಬ ಪುರಾವೆಯ ಮೇಲಲ್ಲ.

ವಾದ ಶುರುವಾಗುವ ಮೊದಲೇ ನಹ್ಮಾನಿಡೀಸ್ ಮನಬಿಚ್ಚಿ ಮಾತಾಡುವ ಸ್ವಾತಂತ್ರ್ಯ ಕೇಳಿದ್ದರು, ರಾಜ ಕೊಟ್ಟಿದ್ದ. ನಡುವೆ ಬಾರ್ಸಿಲೋನಾದ ಯೆಹೂದ್ಯರೇ ಹೆದರಿ, ಸಾಕು ನಿಲ್ಲಿಸಿ ಎಂದು ಅವರನ್ನು ಬೇಡಿಕೊಂಡರು. ಗೆದ್ದರೂ ಅಪಾಯ, ಸೋತರೂ ಅಪಾಯ ಎಂದು ಬಲ್ಲವರ ಹೆದರಿಕೆ ಅದು. ಯೇಸು ಮೆಸ್ಸೀಯನೆಂಬುದು ಅರಮನೆಯಲ್ಲಿ ಎಂದೂ ಅನುಮಾನಕ್ಕೆ ಒಳಪಟ್ಟಿರಲಿಲ್ಲ. ಯೆಹೂದಿ ಉತ್ತರಿಸಬಲ್ಲನೇ ಎಂಬುದಷ್ಟೇ ಅಲ್ಲಿ ತೂಗುತ್ತಿದ್ದ ವಿಷಯ. ಎದುರಾಳಿಯ ಪೂರ್ವಪಕ್ಷ ಗೆಲ್ಲುವ ಸಾಧ್ಯತೆಯೇ ಇಲ್ಲದ ಕಡೆ ನಡೆಯುವುದನ್ನು ವಾದವೆಂದು ಕರೆಯಲು ನನಗೆ ಮನಸ್ಸಾಗದು.

ಮುಗಿದದ್ದು ಹೇಗೆಂದು ಕೇಳಿದರೆ ಎರಡು ಕತೆ ಸಿಗುತ್ತವೆ. ಲ್ಯಾಟಿನ್ ವರದಿಯ ಪ್ರಕಾರ ರಬ್ಬಿ ಉತ್ತರ ತೋಚದೆ ತಡಬಡಾಯಿಸಿ ಊರು ಬಿಟ್ಟು ಓಡಿದರು. ನಹ್ಮಾನಿಡೀಸ್ ಹೀಬ್ರೂವಿನಲ್ಲಿ ಬರೆದ ವರದಿಯ ಪ್ರಕಾರ ರಾಜ ಅವರ ವಾದವನ್ನು ಮೆಚ್ಚಿ 300 ದಿನಾರ್ ಕೊಟ್ಟು ಕಳಿಸಿದ. ಒಂದಂತೂ ನಿಜ. ಅದೇ ಆಗಸ್ಟಿನಲ್ಲಿ, ಪಾಬ್ಲೋ ಎಲ್ಲಿಗೆ ಹೋದರೂ ಯೆಹೂದ್ಯರು ಕೂತು ಅವರ ಪ್ರಸಂಗ ಕೇಳಲೇಬೇಕೆಂದು ರಾಜಾಜ್ಞೆ ಹೊರಟಿತು. ತಮ್ಮ ವರದಿಯನ್ನು ಬರೆದು ಹಂಚಿದ್ದಕ್ಕೆ ನಹ್ಮಾನಿಡೀಸ್ ಮೇಲೆ 1265ರಲ್ಲಿ ದೇವದೂಷಣೆಯ ಆರೋಪ ಬಂತು. ರಾಜ ಎರಡು ವರ್ಷದ ಗಡಿಪಾರು ಸಾಕೆಂದ, ಡೊಮಿನಿಕನ್ನರಿಗೆ ಸಾಲಲಿಲ್ಲ, ಪೋಪ್ ನಾಲ್ಕನೇ ಕ್ಲೆಮೆಂಟ್ ಕಠಿಣ ಶಿಕ್ಷೆಗೆ ಒತ್ತಾಯಿಸಿ ಪತ್ರ ಬರೆದರು. ಎಪ್ಪತ್ತು ದಾಟಿದ ವೃದ್ಧ ಮನೆಮಠ ಬಿಟ್ಟು ಸಮುದ್ರ ದಾಟಿ 1267ರಲ್ಲಿ ಜೆರುಸಲೇಮ್ ತಲುಪಿದರು. ಹಾಳುಬಿದ್ದ ಆ ಊರಿನಲ್ಲಿ ನೆಲೆಸಿದ್ದ ಯೆಹೂದ್ಯರೆಂದರೆ ಬಟ್ಟೆಗೆ ಬಣ್ಣ ಹಾಕುವ ಇಬ್ಬರು ಅಣ್ಣತಮ್ಮಂದಿರು ಮಾತ್ರ ಎಂದು ಅವರು ಮಗನಿಗೆ ಬರೆದ ಪತ್ರದಲ್ಲಿದೆ. ಪಾಳುಮನೆಯೊಂದನ್ನು ಸರಿಪಡಿಸಿ ಪ್ರಾರ್ಥನಾಮಂದಿರ ಮಾಡಿಕೊಂಡರು, 1270ರಲ್ಲಿ ಅದೇ ನಾಡಿನಲ್ಲಿ ತೀರಿಕೊಂಡರು.

ಬಾರ್ಸಿಲೋನಾಕ್ಕಿಂತ ಮೊದಲು, 1240ರಲ್ಲಿ ಪ್ಯಾರಿಸಿನಲ್ಲಿ ತಾಲ್ಮುದ್ ಮೇಲೆ ನಡೆದ ವಾದ ಗಾಡಿಗಟ್ಟಲೆ ಹಸ್ತಪ್ರತಿಗಳನ್ನು ಸುಡುವುದರಲ್ಲಿ ಮುಗಿದಿತ್ತು. ಆಮೇಲೆ 1413-14ರಲ್ಲಿ ತೊರ್ತೋಸಾದಲ್ಲಿ ನಡೆದದ್ದು 69 ಕಲಾಪಗಳ ಒತ್ತಡ, ಎಷ್ಟೋ ಮಂದಿ ಸೋತು ಮತ ಬದಲಿಸಿದರು. 1492ರಲ್ಲಿ ಸ್ಪೇನ್ ತನ್ನ ಯೆಹೂದ್ಯರನ್ನೇ ಹೊರಗಟ್ಟಿತು. ಪ್ರವಾದನೆಗಳು ಪುರಾವೆಯೆಂದು ಒಮ್ಮೆ ಒಪ್ಪಿದ ಮೇಲೆ, ಅವುಗಳನ್ನು ಕಂಡೂ ಒಪ್ಪದವನು ಮೊಂಡನೋ ದುಷ್ಟನೋ ಆಗಲೇಬೇಕಾಗುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಸ್ತ್ರೀಯಾಗಿ ಯೆಹೂದಿ ಮತವನ್ನು ಯುರೋಪಿನ ಚರ್ಚುಗಳ ಬಾಗಿಲಲ್ಲಿ ಕೆತ್ತಿ ನಿಲ್ಲಿಸಿದ್ದು ಈ ತರ್ಕವೇ. ಒಂದು ವ್ಯಾಖ್ಯಾನದ ತಪ್ಪು ಜೀವಗಳನ್ನು ತಿನ್ನುವ ಮಟ್ಟಕ್ಕೆ ಬೆಳೆಯಬಲ್ಲದು ಎಂಬ ಕಾರಣಕ್ಕೇ ಈ ಹಳೆಯ ಚರ್ಚೆಯ ಬಗ್ಗೆ ನನಗೆ ಇಷ್ಟು ಕಾಳಜಿ.

ಚರ್ಚ್ ತಡವಾಗಿಯಾದರೂ ದಾರಿ ಬದಲಿಸಿತು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆಯ ನೊಸ್ತ್ರಾ ಎತಾತೆ ಘೋಷಣೆ, ಯೇಸುವಿನ ಸಾವಿನ ಹೊಣೆಯನ್ನು ಯೆಹೂದಿ ಜನಾಂಗದ ಮೇಲೆ ಹೊರಿಸುವುದನ್ನು ತಿರಸ್ಕರಿಸಿತು. 2001ರಲ್ಲಿ ವ್ಯಾಟಿಕನ್ನಿನ ಬೈಬಲ್ ಆಯೋಗ ಹೊರತಂದ ದಸ್ತಾವೇಜು ನಮ್ಮ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡಿತು. ಅದಕ್ಕೆ ಮುನ್ನುಡಿ ಬರೆದವರು ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಜಿಂಗರ್. ಹಳೆಯ ಒಡಂಬಡಿಕೆಯಲ್ಲಿ ಕ್ರಿಸ್ತನನ್ನು ಕಾಣುವುದು ಹಿಂದಿರುಗಿ ನೋಡುವ ಓದು, ಯೆಹೂದ್ಯರು ಅದೇ ಗ್ರಂಥಗಳನ್ನು ಓದುವ ರೀತಿಯೂ ಸಾಧ್ಯವಾದ ಓದು, ಅವರ ಮೆಸ್ಸೀಯನ ನಿರೀಕ್ಷೆ ವ್ಯರ್ಥವಲ್ಲ ಎಂದು ಅದು ಒಪ್ಪಿತು. ಕ್ರೈಸ್ತ ನಂಬಿಕೆ ಇದರಿಂದ ಒಂದು ಎಳೆಯಷ್ಟೂ ಸಡಿಲವಾಗಿಲ್ಲ. ಯೇಸುವೇ ಕ್ರಿಸ್ತನೆಂದು ಆ ದಸ್ತಾವೇಜು ಅಷ್ಟೇ ದೃಢವಾಗಿ ಹೇಳುತ್ತದೆ. ಒಪ್ಪದವರನ್ನು ಕುರುಡರೆನ್ನುವುದನ್ನು ಮಾತ್ರ ಕೈಬಿಡುತ್ತದೆ.

ಯೆಹೂದ್ಯರ ಕಡೆಯಿಂದಲೂ ಹೀಗೆ ಎದುರಾಳಿಯ ಓದಿನ ಒಳಹೊಕ್ಕು ನೋಡಿದವರು ಇದ್ದರು. ನಹ್ಮಾನಿಡೀಸ್ ಯೆಶಾಯನ ಸೇವಕನ ಮೇಲೆ ಪ್ರತ್ಯೇಕವಾಗಿ ಒಂದು ಚಿಕ್ಕ ವ್ಯಾಖ್ಯಾನ ಬರೆದಿದ್ದಾರೆ. ಇಸ್ರಾಯೇಲಿನ ಬಗ್ಗೆ ಎಂಬುದೇ ಸರಿಯಾದ ಅರ್ಥವೆಂದು ಮೊದಲು ಹೇಳಿ, ಆದರೂ ಮೆಸ್ಸೀಯನ ಬಗ್ಗೆ ಎನ್ನುವ ಮಿದ್ರಾಷ್ ಇರುವುದರಿಂದ ಅದರ ಪ್ರಕಾರವೇ ಪೂರ್ತಿ ಅಧ್ಯಾಯವನ್ನು ವಾಕ್ಯ ವಾಕ್ಯವಾಗಿ ಬಿಡಿಸುತ್ತಾ ಹೋಗುತ್ತಾರೆ. ಮೆಸ್ಸೀಯ ಅವಮಾನ ಸಹಿಸುತ್ತಾನೆ, ತನ್ನ ಜನರ ದುಃಖಕ್ಕೆ ನೋಯುತ್ತಾನೆ, ಪ್ರಾಣ ಕೊಡಲೂ ಸಿದ್ಧನಾಗುತ್ತಾನೆ ಎಂಬಲ್ಲಿಯವರೆಗೆ ಕ್ರೈಸ್ತ ಓದುಗನ ಜೊತೆಜೊತೆಗೇ ನಡೆಯುತ್ತಾರೆ. ಅವನು ಶತ್ರುಗಳ ಕೈಗೆ ಸಿಕ್ಕಿದನೆಂದಾಗಲಿ, ಮರಕ್ಕೆ ತೂಗುಹಾಕಲ್ಪಟ್ಟನೆಂದಾಗಲಿ ಈ ಅಧ್ಯಾಯದಲ್ಲಿ ಎಲ್ಲೂ ಬರೆದಿಲ್ಲ ಎಂದು ಅಲ್ಲಿ ನಿಂತು, ಮುಂದಿನ ಹೆಜ್ಜೆ ಇಡಲು ಒಪ್ಪುವುದಿಲ್ಲ.